ಪಿಯಾನೋ ಪಾಠದಲ್ಲಿ ‘ಕೀ’ಗೆ ‘ಮನೆ’ ಅನ್ನಬಹುದಾ?

ಗೆಳೆಯರೇ, ನಮಸ್ಕಾರ.

ಪಿಯಾನೋ ಕಲಿಯಲು ಶುರುಮಾಡಿ ಕೆಲವು ತಿಂಗಳಾಯಿತು. ಸಿ ಮೇಜರ್ ಅನ್ನುವ ಸ್ವರಗಳ ಸಾಲು ಎರಡೂ ಕೈಯಲ್ಲಿ ಬರುತ್ತದೆ, ಡಿ ಮೇಜರ್ ಈಗ ಕೈಗೆ ಹತ್ತುತ್ತಿದೆ. ಪಾಠವನ್ನು ಕನ್ನಡದಲ್ಲೇ ಬರೆದಿಟ್ಟುಕೊಳ್ಳುತ್ತೇನೆ. ಹಾಗೆ ಬರೆಯುವಾಗ ‘ಕೀ’ ಅನ್ನುವ ಪದ ಬಂದಲ್ಲೆಲ್ಲ ಪೆನ್ನು ನಿಲ್ಲುತ್ತದೆ.

ಇಂಗ್ಲಿಷಿನಲ್ಲಿ ಆ ಪದಕ್ಕೆ ಎರಡು ಕೆಲಸ. ಬೆರಳಿಟ್ಟು ಒತ್ತುವುದೂ ಕೀ. ಪಿಯಾನೋದಲ್ಲಿ ಅಂಥವು 88: ಬಿಳಿ 52, ಕಪ್ಪು 36. ಹಾಡು ಯಾವ ಸ್ವರದ ಮೇಲೆ ನಿಂತಿದೆ ಅನ್ನುವುದೂ ಕೀ. ‘ಕೀಲಿಮಣೆ’ ಕಂಪ್ಯೂಟರಿಗೆ ಒಗ್ಗಿದೆ. ಆದರೆ ‘ಈ ಹಾಡು ಡಿ ಕೀಲಿಯಲ್ಲಿದೆ’ ಅಂತ ಯಾರಾದರೂ ಅಂದಾರಾ? ನನಗಂತೂ ಬಾಯಿಗೆ ಬರುವುದಿಲ್ಲ.

ಹಾರ್ಮೋನಿಯಂ, ಶ್ರುತಿಪೆಟ್ಟಿಗೆ ಬಳಸುವವರಲ್ಲಿ ‘ಮನೆ’ ಅನ್ನುವ ಮಾತಿದೆಯಲ್ಲ. ‘ಎರಡನೇ ಮನೆ ಒತ್ತು’ ಅಂದರೆ ಒತ್ತುವ ಜಾಗ. ‘ಐದೂವರೆ ಮನೆ ಶ್ರುತಿ’ ಅಂದರೆ ಹಾಡಿನ ನೆಲೆ. ‘ಕೀ’ ಮಾಡುವ ಎರಡು ಕೆಲಸವನ್ನೂ ‘ಮನೆ’ ಆಗಲೇ ಮಾಡುತ್ತಿದೆ! ತಮಿಳಿನವರು ಇದಕ್ಕೇ ‘ಕಟ್ಟೈ’ ಅನ್ನುತ್ತಾರೆ.

ಲೆಕ್ಕವೂ ಚೆನ್ನಾಗಿದೆ. ಸಿ ಒಂದು ಮನೆ, ಡಿ ಎರಡು, ಹೀಗೆ ಬಿ ಏಳು. ನಡುವಿನ ಕಪ್ಪು ಅರ್ಧ. ಸಿ ಶಾರ್ಪ್ (ಸಿಗಿಂತ ಅರ್ಧ ಮೇಲಿನದು) ಒಂದೂವರೆ, ಎಫ್ ಶಾರ್ಪ್ ನಾಲ್ಕೂವರೆ. ಮೂರೂವರೆ, ಏಳೂವರೆ ಇಲ್ಲ, ಯಾಕೆಂದರೆ ಅಲ್ಲಿ ಕಪ್ಪು ಇಲ್ಲ. ಡಿ ಮೇಜರ್ ಅನ್ನು ಹೀಗೆ ಬರೆದುಕೊಂಡೆ: ಎರಡು, ಮೂರು, ನಾಲ್ಕೂವರೆ, ಐದು, ಆರು, ಏಳು, ಮೇಲಿನ ಒಂದೂವರೆ, ಮೇಲಿನ ಎರಡು. ನೋಡಿಕೊಂಡು ಸೀದಾ ನುಡಿಸಬಹುದು. ಒಂದು ಎಚ್ಚರಿಕೆ ಬೇಕು. ಮೂರರಿಂದ ನಾಲ್ಕಕ್ಕೆ, ಏಳರಿಂದ ಮೇಲಿನ ಒಂದಕ್ಕೆ ಅಂತರ ಬರೀ ಅರ್ಧ. ಅಂಕಿ ನೋಡಿದರೆ ಅದು ಗೊತ್ತಾಗುವುದಿಲ್ಲ.

ಯಕ್ಷಗಾನದ ಭಾಗವತರು ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಅನ್ನುತ್ತಾರೆ. ಅಲ್ಲಿ ಕಪ್ಪನ್ನು ಬೇರೆಯಾಗಿ ಎಣಿಸುವುದರಿಂದ ಎರಡೂವರೆ ಮನೆಯೇ ಕಪ್ಪು ಎರಡು, ನಾಲ್ಕೂವರೆ ಮನೆಯೇ ಕಪ್ಪು ಮೂರು. ಕರಾವಳಿಯವರು ‘ಮನೆ’ ಅಂತಲೂ ಹೇಳುವುದುಂಟಾ? ಧಾರವಾಡದ ಕಡೆ ಹಾರ್ಮೋನಿಯಂ ಕಲಿತವರು ಏನನ್ನುತ್ತಾರೆ? ಕೇಳಿದವರು ದಯವಿಟ್ಟು ಬರೆಯಿರಿ.

‘ಸ್ಕೇಲ್’ ಕಥೆ ಬೇರೆ. ಆರ್ಕೆಸ್ಟ್ರಾದಲ್ಲಿ ‘ಯಾವ ಸ್ಕೇಲ್?’ ಅಂದರೆ ಕೇಳುವುದು ಶ್ರುತಿಯನ್ನು. ಪಿಯಾನೋ ಪಾಠದಲ್ಲಿ ಸ್ಕೇಲ್ ಅಂದರೆ ಸ್ವರಗಳ ಸಾಲು. ಅದಕ್ಕೆ ಕರ್ನಾಟಕ ಸಂಗೀತದ ‘ಮೇಳ’ (ರಾಗಗಳಿಗೆ ಮೂಲವಾದ ಸ್ವರಗಳ ಸಾಲು) ಹತ್ತಿರ ಅನ್ನಿಸುತ್ತದೆ. ಮೇಜರ್‌ನ ಸ್ವರಸ್ಥಾನಗಳು 29ನೇ ಮೇಳ ಧೀರಶಂಕರಾಭರಣದವು. ನ್ಯಾಚುರಲ್ ಮೈನರ್ 20ನೇ ನಟಭೈರವಿ, ಹಾರ್ಮೋನಿಕ್ ಮೈನರ್ 21ನೇ ಕೀರವಾಣಿ. ‘ರಾಗ’ ಅನ್ನುವುದು ಸರಿಯಲ್ಲ. ಗಮಕ (ಸ್ವರವನ್ನು ಬಳುಕಿಸುವುದು), ಸಂಚಾರ (ಸ್ವರಗಳ ನಡೆ) ಇಲ್ಲದೆ ರಾಗ ಎಲ್ಲಿಂದ ಬರಬೇಕು?

ಒಂದೇ ಕಪ್ಪು ಮನೆಗೆ ಡಿ ಶಾರ್ಪ್, ಇ ಫ್ಲಾಟ್ (ಇಗಿಂತ ಅರ್ಧ ಕೆಳಗಿನದು) ಅಂತ ಎರಡು ಹೆಸರು ಯಾಕೆ ಅಂತ ಹೊಸಬರು ಕೇಳುತ್ತಾರೆ. ಕರ್ನಾಟಕ ಸಂಗೀತ ಗೊತ್ತಿದ್ದವರಿಗೆ ಇದು ಸಲೀಸು. 12 ಸ್ವರಸ್ಥಾನ, ಅವಕ್ಕೆ 16 ಹೆಸರು ನಮ್ಮಲ್ಲೂ ಉಂಟಲ್ಲ. ಸಿ ಷಡ್ಜವಾದರೆ ಡಿ ಶಾರ್ಪ್ ಷಟ್‌ಶ್ರುತಿ ರಿಷಭ, ಇ ಫ್ಲಾಟ್ ಸಾಧಾರಣ ಗಾಂಧಾರ. ಜಾಗ ಒಂದೇ.

ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು ‘ಕಾರ್ಡ್’ನಲ್ಲಿ. ಸ, ಗ, ಪ ಮೂರನ್ನೂ ಒಟ್ಟಿಗೆ ನುಡಿಸಿದರೆ ಮೇಜರ್ ಕಾರ್ಡ್. ಗಾಂಧಾರವನ್ನು ಅರ್ಧ ಇಳಿಸಿದರೆ ಮೈನರ್. ‘ಸ್ವರಮೇಳ’ ಅಂದರೆ ಮೇಲಿನ ಮೇಳದ ಜೊತೆ ಗೋಜಲಾಗುತ್ತದೆ. ‘ಸ್ವರಗುಚ್ಛ’ ಬರಹಕ್ಕೆ ಸರಿ, ಆಡುವುದಕ್ಕೆ ಭಾರ. ‘ಕೂಡುಸ್ವರ’ ಅಂದರೆ ಹೇಗೆ? ಅಥವಾ ಸುಮ್ನೆ ಕಾರ್ಡ್ ಅಂತಲೇ ಇಟ್ಟುಕೊಳ್ಳೋಣವಾ?

ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಎರಡೂ ಇದ್ದವು. ಜಯಚಾಮರಾಜ ಒಡೆಯರ್ ಅವರೇ ಪಿಯಾನೋ ನುಡಿಸುತ್ತಿದ್ದರು. ಆ ಬ್ಯಾಂಡಿನವರು ಅಭ್ಯಾಸದ ಹೊತ್ತಿನಲ್ಲಿ ಕಾರ್ಡ್, ಕೀ, ಸ್ಕೇಲಿಗೆ ಏನನ್ನುತ್ತಿದ್ದರು? ಆ ಬ್ಯಾಂಡಿನವರ ಮನೆತನಗಳವರ ಪರಿಚಯ ಇದ್ದವರು ಕೇಳಿ ತಿಳಿಸಿದರೆ ತುಂಬಾ ಉಪಕಾರ.