ಗಾಂಜಾ ಮೊದಲೋ ಕಾಯಿಲೆ ಮೊದಲೋ, ಅದನ್ನು ಆಮೇಲೆ ನೋಡೋಣ ಗೀತಕ್ಕ

ಗೀತಕ್ಕ, ನಿನ್ನೆ ರಾತ್ರಿ ನೀವು ನಮ್ಮ ಮನೆಯವರ ಗ್ರೂಪಿನಲ್ಲಿ ಬರೆದದ್ದನ್ನು ಡ್ಯೂಟಿ ಮುಗಿಸಿ ಬಂದು ಓದಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯೋದಿಲ್ಲ, ಅದಕ್ಕೆ ಬಾಯಲ್ಲೇ ಹೇಳುತ್ತಿದ್ದೇನೆ. ಉದ್ದ ಆಗುತ್ತದೆ, ಎಲ್ಲರೂ ದಯವಿಟ್ಟು ಪೂರ್ತಿ ಕೇಳಿ. ಇನ್ನೊಂದು ಮಾತು. ಇದನ್ನು ಯಾರೂ ಬೇರೆ ಗ್ರೂಪಿಗೆ ಕಳಿಸಬೇಡಿ. ನಮ್ಮ ಹುಡುಗ ನಾಳೆ ಹುಷಾರಾಗಿ ಇದೇ ಜನರ ಮಧ್ಯೆ ಓಡಾಡಬೇಕು.

ನೀವು ಬರೆದದ್ದು ಇಷ್ಟು ಅಲ್ವಾ ಅಕ್ಕ. ಹಾಸ್ಟೆಲಿನಿಂದ ಹುಡುಗನನ್ನು ಕರೆದುಕೊಂಡು ಬಂದು ಹತ್ತು ದಿನ ಆಯಿತು. ರಾತ್ರಿ ನಿದ್ದೆ ಇಲ್ಲ. ಕಿಟಕಿಗೆ ಬೆಡ್‌ಶೀಟ್ ಕಟ್ಟಿದ್ದಾನೆ. ಫೋನಿನಲ್ಲಿ ಯಾರೋ ತನ್ನ ಮಾತು ಕದ್ದು ಕೇಳುತ್ತಿದ್ದಾರೆ ಅನ್ನುತ್ತಾನೆ. ಬ್ಯಾಗಿನಲ್ಲಿ ಗಾಂಜಾ ಪೊಟ್ಟಣ ಸಿಕ್ಕಿದೆ, ಎರಡು ವರ್ಷದಿಂದ ಸೇದುತ್ತಿದ್ದಾನೆ ಅಂತ ರೂಮ್‌ಮೇಟ್ ಹೇಳಿದ್ದಾನೆ. ಅದರ ಕೆಳಗೆ ಬೆಳಗಾಗುವುದರೊಳಗೆ ಮೂರು ಉತ್ತರ ಬಂದಿವೆ. ಶಂಕರ ಮಾವ, ಗಾಂಜಾದಿಂದ ಯಾರಿಗೂ ಹುಚ್ಚು ಹಿಡಿಯುವುದಿಲ್ಲ, ಸುರಪುರದ ಕಡೆ ಜಾತ್ರೆಯಲ್ಲಿ ಪ್ರಸಾದ ಅಂತಲೇ ಕೊಡುತ್ತಾರೆ ಅಂದಿದ್ದಾರೆ. ರವಿ ಅಣ್ಣ, ಎಲ್ಲಾ ಗಾಂಜಾದ್ದೇ ಕಾರುಬಾರು, ಆರು ತಿಂಗಳು ಚಟ ಬಿಡಿಸುವ ಕೇಂದ್ರದಲ್ಲಿ ಇಟ್ಟರೆ ಸರಿ ಹೋಗುತ್ತಾನೆ ಅಂದಿದ್ದಾರೆ. ಅತ್ತಿಗೆ, ಒಂದು ಮದುವೆ ಮಾಡಿ ಅಂದಿದ್ದಾರೆ.

ಗಾಂಜಾದಿಂದ ಹೀಗಾಯಿತಾ, ಹೀಗಾಗಿದ್ದಕ್ಕೆ ಗಾಂಜಾ ಹಿಡಿದನಾ ಅನ್ನುವ ಜಗಳ ಮನೆಯಲ್ಲಿ ಬಗೆಹರಿಯುವುದಲ್ಲ ಅಕ್ಕ. ವರ್ಷಗಟ್ಟಲೆ ಮನೋರೋಗಿಗಳ ವಾರ್ಡಿನಲ್ಲೇ ನರ್ಸ್ ಕೆಲಸ ಮಾಡಿ ನೋಡಿದ್ದೇನೆ. ಆ ಜಗಳ ತೀರಲಿ ಅಂತ ಕಾದ ಮನೆಯವರು ಹುಡುಗನನ್ನು ಕರೆದುಕೊಂಡು ಬರುವಷ್ಟರಲ್ಲಿ ಒಂದು ವರ್ಷ ಆಗಿರುತ್ತದೆ. ಈ ಕಾಯಿಲೆಯಲ್ಲಿ ಚಿಕಿತ್ಸೆ ಇಲ್ಲದೆ ಕಳೆದ ಕಾಲವೇ ದೊಡ್ಡ ನಷ್ಟ. ಬೇಗ ಶುರು ಮಾಡಿದವರು ಜಾಸ್ತಿ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಹತ್ತು ದಿನ ಅಂದರೆ ನಮ್ಮ ಕೈಯಲ್ಲಿ ಇನ್ನೂ ಸಮಯ ಇದೆ. ಈ ವಾರವೇ ಮನೋವೈದ್ಯರಿಗೆ ತೋರಿಸಲೇಬೇಕು.

ಶಂಕರ ಮಾವ, ನೀವು ತಿಂಥಣಿ ಮೌನೇಶ್ವರ ಜಾತ್ರೆ ಕಣ್ಣಾರೆ ನೋಡಿದವರು. ನೀವು ಹೇಳಿದ್ದು ಸುಳ್ಳಲ್ಲ. ಗಾಂಜಾ ಸೇದಿದವರಲ್ಲಿ ಹೆಚ್ಚಿನವರಿಗೆ ಇಂಥ ಕಾಯಿಲೆ ಬರುವುದಿಲ್ಲ. ಆದರೆ ಜಾತ್ರೆಗೊಮ್ಮೆ ನಾಲ್ಕು ಜನ ಹಿರಿಯರು ಕೂತು ಸೇದುವುದೇ ಬೇರೆ, ಹತ್ತೊಂಬತ್ತರ ಹುಡುಗ ದಿನಾ ರಾತ್ರಿ ರೂಮಿನ ಬಾಗಿಲು ಹಾಕಿಕೊಂಡು ಸೇದುವುದೇ ಬೇರೆ. ಮಾಲು ಕೂಡ ಹಳೆಯದಲ್ಲ. ನಶೆ ಏರಿಸುವ ಟಿಎಚ್‌ಸಿ ಅನ್ನುವ ಅಂಶ ಅಮೆರಿಕದಲ್ಲಿ ಪೊಲೀಸರು ಹಿಡಿದ ಗಾಂಜಾದಲ್ಲಿ 1995ರ ಹೊತ್ತಿಗೆ ನೂರಕ್ಕೆ 4 ಇತ್ತು, 2014ಕ್ಕೆ 12ರ ಹತ್ತಿರ ಬಂತು. ಥಾಯ್ಲೆಂಡಿನಿಂದ ತಂದ ಹೈಡ್ರೋ ಗಾಂಜಾ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಸುದ್ದಿ ನೀವೂ ಪೇಪರಿನಲ್ಲಿ ಓದಿರುತ್ತೀರಿ. ಅದು ಮಣ್ಣಿಲ್ಲದೆ, ಲೈಟ್ ಹಾಕಿ, ನಶೆ ಏರಲಿ ಅಂತಲೇ ಬೆಳೆಸುವ ಗಿಡ. ಯುರೋಪಿನ ಸುಮಾರು ಹತ್ತು ಊರು ಮತ್ತು ಬ್ರೆಜಿಲ್‌ನಲ್ಲಿ ಮಾಡಿದ ಅಧ್ಯಯನ 2019ರಲ್ಲಿ ಬಂತು. ಇಂಥ ಜೋರು ಮಾಲನ್ನು ದಿನಾ ಸೇದುವವರಲ್ಲಿ ಸೈಕೋಸಿಸ್ ಬರುವ ಸಂಭವ ಸೇದದವರಿಗಿಂತ ಸುಮಾರು ಐದು ಪಟ್ಟು ಜಾಸ್ತಿ ಕಂಡಿತು. ಸೈಕೋಸಿಸ್ ಅಂದರೆ ಇಲ್ಲದ ಮಾತು ಕೇಳಿಸುವುದು, ಇಲ್ಲದ ಸಂಶಯ ಗಟ್ಟಿಯಾಗಿ ಕೂರುವುದು, ನಿಜ ಯಾವುದು ಅಂತ ಗೊತ್ತಾಗದೆ ಹೋಗುವುದು.

ವಯಸ್ಸೂ ಮುಖ್ಯ ಮಾವ. ನ್ಯೂಜಿಲೆಂಡಿನ ಡ್ಯುನೆಡಿನ್ ಅನ್ನುವ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರ ಮಕ್ಕಳನ್ನು ಇವತ್ತಿಗೂ ಬಿಡದೆ ನೋಡುತ್ತಾ ಬಂದಿದ್ದಾರೆ. ಹದಿನೈದರೊಳಗೆ ಗಾಂಜಾ ಹಿಡಿದವರಲ್ಲಿ ನೂರಕ್ಕೆ ಸುಮಾರು ಹತ್ತು ಜನರಿಗೆ ಇಪ್ಪತ್ತಾರರ ಹೊತ್ತಿಗೆ ಸ್ಕಿಜೋಫ್ರೇನಿಯಾ, ಅಂದರೆ ಸೈಕೋಸಿಸ್ ಬಿಡದೆ ಬಹುಕಾಲ ಕಾಡುವ ಕಾಯಿಲೆ, ಅದರ ತರಹದ್ದು ಬಂದಿತ್ತು. ಮುಟ್ಟದವರಲ್ಲಿ ನೂರಕ್ಕೆ ಮೂರು. ಮೆದುಳು ಇಪ್ಪತ್ತು ದಾಟಿದರೂ ಇನ್ನೂ ಬಲಿಯುತ್ತಾ ಇರುತ್ತದೆ. ಆ ಹೊತ್ತಿನಲ್ಲಿ ಕೊಟ್ಟ ಪೆಟ್ಟು ಜಾಸ್ತಿ ಆಳಕ್ಕೆ ಇಳಿಯುತ್ತದೆ.

ಈಗ ರವಿ ಅಣ್ಣ. ಎಲ್ಲಾ ಗಾಂಜಾದ್ದೇ ಅಂತ ಅಷ್ಟು ಖಡಾಖಂಡಿತ ಹೇಳಬೇಡಿ. ನಮ್ಮ ಹಳೇ ಮನೆಯ ಹಿತ್ತಲ ಕೋಣೆಯಲ್ಲಿ ಇದ್ದ ಚಿಕ್ಕಜ್ಜನನ್ನು ಎಲ್ಲರೂ ಮರೆತ ಹಾಗೆ ಇದ್ದೀರಿ. ಅವರು ಒಂದು ಬೀಡಿ ಕೂಡ ಸೇದಿದವರಲ್ಲ. ಗೋಡೆಯ ಜೊತೆ ಮಾತಾಡುತ್ತಿದ್ದರು, ಊಟಕ್ಕೆ ವಿಷ ಹಾಕಿದ್ದಾರೆ ಅನ್ನುತ್ತಿದ್ದರು. ಗಾಳಿ ಸೋಕಿದೆ ಅಂತ ಮಂತ್ರಿಸಿದ್ದೇ ಮಂತ್ರಿಸಿದ್ದು. ಇವತ್ತಾಗಿದ್ದರೆ ಮಾತ್ರೆ ತಗೊಂಡು ಹೊಲ ಮನೆ ನೋಡಿಕೊಂಡು ಇರುತ್ತಿದ್ದರೋ ಏನೋ. ರಕ್ತಸಂಬಂಧದಲ್ಲಿ ಈ ಕಾಯಿಲೆ ಇದ್ದ ಮನೆಯ ಮಕ್ಕಳಿಗೆ ಅದು ಬರುವ ಸಂಭವ ಸ್ವಲ್ಪ ಜಾಸ್ತಿ, ಅಂಥವರಿಗೆ ಗಾಂಜಾ ಇನ್ನೂ ಅಪಾಯ. ಗೀತಕ್ಕ, ಡಾಕ್ಟರ್ ಕೇಳಿದಾಗ ಚಿಕ್ಕಜ್ಜನ ವಿಷಯ ಮುಚ್ಚಿಡಬೇಡಿ. ಮಾನ ಹೋಗುತ್ತದೆ ಅಂತ ನಮ್ಮ ಮನೆಯಲ್ಲಿ ಎರಡು ತಲೆಮಾರು ಬಾಯಿ ಮುಚ್ಚಿಕೊಂಡಿದ್ದು ಸಾಕು.

ಸ್ವೀಡನ್ನಿನಲ್ಲಿ 1969-70ರಲ್ಲಿ ಸೇನೆಗೆ ಬಂದ ನಲವತ್ತೈದು ಸಾವಿರಕ್ಕೂ ಹೆಚ್ಚು ಹುಡುಗರನ್ನು ಹದಿನೈದು ವರ್ಷ ಗಮನಿಸಿದರು. ಐವತ್ತಕ್ಕಿಂತ ಜಾಸ್ತಿ ಸಲ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಸೇದದವರ ಆರು ಪಟ್ಟು ಕಂಡಿತು. ಆದರೆ ಸೇನೆಗೆ ಬರುವಾಗಲೇ ಮನಸ್ಸಿನ ತೊಂದರೆ ಇದ್ದವರು ಯಾರು, ಮನೆಯ ಪರಿಸ್ಥಿತಿ ಏನು ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಆ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಪೂರ್ತಿ ಹೋಗಲಿಲ್ಲ, ಇಳಿಯಿತು. ಅಂದರೆ ಎರಡೂ ನಿಜ. ಕೆಲವರಲ್ಲಿ ಗಾಂಜಾದಿಂದ ಕಾಯಿಲೆ ಏಳಬಹುದು. ಕಾಯಿಲೆ ಒಳಗೊಳಗೇ ಶುರುವಾದ ಹುಡುಗ ನಿದ್ದೆ ಬರಲಿ, ತಲೆ ತಣ್ಣಗಾಗಲಿ ಅಂತ ಗಾಂಜಾಕ್ಕೆ ಕೈ ಹಾಕುತ್ತಾನೆ. ಎಷ್ಟೋ ಹುಡುಗರು ನನ್ನ ಹತ್ತಿರ ಅದನ್ನೇ ಹೇಳಿದ್ದಾರೆ. ಮಜಾಕ್ಕೆ ಅಲ್ಲ ಸಿಸ್ಟರ್, ಮಲಗೋಕೆ ಅಂತ.

ಈ ಗೊಂದಲ ಇಂದಿನದಲ್ಲ. 1893ರಲ್ಲಿ ಬ್ರಿಟಿಷ್ ಸರ್ಕಾರ ಗಾಂಜಾ, ಭಂಗಿ, ಚರಸ್ಸಿನ ಬಗ್ಗೆ ಒಂದು ಆಯೋಗ ಮಾಡಿತ್ತು. ಅವರು ಹುಚ್ಚಾಸ್ಪತ್ರೆಗಳ ರಿಜಿಸ್ಟರ್ ತೆಗೆಸಿ ನೋಡಿದರು. ಕಾಯಿಲೆಗೆ ಕಾರಣ ಏನು ಅನ್ನುವ ಕಡೆ ಗಾಂಜಾ, ಗಾಂಜಾ ಅಂತ ಬರೆದಿತ್ತು. ಬರೆಸಿದ್ದು ಯಾರು ಅಂತ ನೋಡಿದರೆ ಎಷ್ಟೋ ಕಡೆ ರೋಗಿಯನ್ನು ಎಳೆದು ತಂದ ಪೊಲೀಸರು. ಬೇರೆ ಕಾರಣ ಗೊತ್ತಾಗದಿದ್ದರೆ ಗಾಂಜಾ ಅಂತ ಬರೆದು ಕೈ ತೊಳೆದುಕೊಳ್ಳುವುದು. ಮನೆಯವರೂ ಇವತ್ತು ಅದನ್ನೇ ಮಾಡುತ್ತಾರೆ ಅಣ್ಣ. ಗಾಂಜಾ ಅಂದರೆ ತಪ್ಪು ಹುಡುಗನದ್ದು, ಕೆಟ್ಟ ಸಹವಾಸದ್ದು. ಕಾಯಿಲೆ ಅಂದರೆ ಅದು ಮನೆತನಕ್ಕೆ ಬರುತ್ತದೆ ಅನ್ನುವ ಭಯ.

ಬರೀ ಚಟ ಬಿಡಿಸುವ ಕೇಂದ್ರ ಯಾಕೆ ಬೇಡ ಅಂತ ಹೇಳುತ್ತೇನೆ. ಮನೋವೈದ್ಯರೇ ಇಲ್ಲದ ಕೇಂದ್ರದಲ್ಲಿ ಭಜನೆ, ಯೋಗ, ಬೈಗುಳ ಎಲ್ಲಾ ಇರುತ್ತದೆ, ಕಿವಿಯಲ್ಲಿ ಕೇಳುವ ಮಾತಿಗೆ ಔಷಧ ಮಾತ್ರ ಇರುವುದಿಲ್ಲ. ಹುಡುಗ ಆರು ತಿಂಗಳು ಗಾಂಜಾ ಮುಟ್ಟದೆ ಹೊರಗೆ ಬರುತ್ತಾನೆ, ಸಂಶಯ ಹಾಗೇ ಇರುತ್ತದೆ. ಕೆಲವು ಕಡೆ ಕಟ್ಟಿಹಾಕುವುದೂ ಉಂಟು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಯಾರಿಗೂ ಸರಪಳಿ ಹಾಕುವ ಹಾಗಿಲ್ಲ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿ ದರ್ಗಾದ ಹತ್ತಿರ ಮನೋರೋಗಿಗಳನ್ನು ಇಟ್ಟಿದ್ದ ಒಂದು ಗುಡಿಸಲಿಗೆ ಬೆಂಕಿ ಬಿದ್ದಾಗ 28 ಜನ ಸತ್ತರು. ಸರಪಳಿಯಲ್ಲಿ ಇದ್ದವರು ಓಡಲಾಗದೆ ಅಲ್ಲೇ ಸುಟ್ಟುಹೋದರು. ದೇವಸ್ಥಾನಕ್ಕೆ ಹೋಗಿ ಬನ್ನಿ, ಹರಕೆ ಹೊತ್ತುಕೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಆದರೆ ಅವನನ್ನು ಅಲ್ಲಿ ಬಿಟ್ಟು ಬರಬೇಡಿ.

ಗಾಂಜಾ ನಿಂತರೆ ಎಲ್ಲಾ ತಾನಾಗಿ ಇಳಿಯುತ್ತದೆ ಅಂತಲೂ ಕೂರಬೇಡಿ. ಕೆಲವರಿಗೆ ಇಳಿಯುತ್ತದೆ, ನಿಜ. ಆದರೆ ಡೆನ್ಮಾರ್ಕಿನಲ್ಲಿ ಇಪ್ಪತ್ತು ವರ್ಷದ ಆಸ್ಪತ್ರೆ ದಾಖಲೆ ನೋಡಿದರು. ಗಾಂಜಾದಿಂದಲೇ ಬಂದ ಸೈಕೋಸಿಸ್ ಅಂತ ಬರೆಸಿಕೊಂಡವರಲ್ಲಿ ಅರ್ಧದ ಹತ್ತಿರ, ನೂರಕ್ಕೆ 47 ಜನರಿಗೆ, ಮುಂದೆ ಸ್ಕಿಜೋಫ್ರೇನಿಯಾ ಅಥವಾ ಉತ್ಸಾಹ ವಿಪರೀತ ಏರಿ ಮತ್ತೆ ವಿಪರೀತ ಕುಸಿಯುವ ಬೈಪೋಲಾರ್ ಕಾಯಿಲೆ ಅಂತ ಗೊತ್ತಾಯಿತು. ಅದಕ್ಕೇ ಮೊದಲ ಸಲ ಹುಷಾರಾದ ಮೇಲೂ ಫಾಲೋಅಪ್ ತಪ್ಪಿಸಬಾರದು.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ, ಯಾರು ಎಲ್ಲಿಯವನು ಅಂತ ಕೇಳಬೇಡಿ. ವಾರ್ಡಿಗೆ ಬಂದಾಗ ಅವನು ಸಿಪ್ಪೆ ತಾನೇ ಸುಲಿದ ಬಾಳೆಹಣ್ಣು ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ. ಅನ್ನಕ್ಕೆ ಏನೋ ಬೆರೆಸಿದ್ದಾರೆ ಅನ್ನುವ ಭಯ. ಅಪ್ಪ ತಟ್ಟೆ ಎದುರಿಗಿಟ್ಟು, ತಿನ್ನೋ, ನಾಟಕ ಸಾಕು ಅಂತ ಗದರುತ್ತಿದ್ದರು. ಗದರಿದಷ್ಟೂ ಹುಡುಗ ಗೋಡೆಗೆ ಒತ್ತಿಕೊಳ್ಳುತ್ತಿದ್ದ. ನಾವು ಏನೂ ವಾದ ಮಾಡಲಿಲ್ಲ. ನಿನಗೆ ತುಂಬಾ ಹೆದರಿಕೆ ಆಗಿದೆ ಅಂತ ಗೊತ್ತಪ್ಪ, ಇಲ್ಲಿ ಬಾಳೆಹಣ್ಣು ಇದೆ, ಸೀಲ್ ಒಡೆಯದ ಬಿಸ್ಕತ್ತು ಪ್ಯಾಕೆಟ್ ಇದೆ, ನೀನೇ ಬಿಚ್ಚಿಕೋ ಅಂದೆವು. ಮಾತ್ರೆಯನ್ನೂ ಅವನ ಎದುರಿಗೇ ಪಟ್ಟಿಯಿಂದ ಒಡೆದು ಕೊಟ್ಟೆವು. ಮೊದಲು ನಿದ್ದೆ ಬಂತು. ಆಮೇಲೆ ಒಂದು ದಿನ ಅಮ್ಮ ತಂದ ಚಿತ್ರಾನ್ನವನ್ನು ಡಬ್ಬಿಯಿಂದಲೇ ತಿಂದ. ಅವತ್ತು ಆ ಅಪ್ಪ ಹೊರಗೆ ಹೋಗಿ ನಲ್ಲಿ ಹತ್ತಿರ ತುಂಬಾ ಹೊತ್ತು ನಿಂತಿದ್ದರು.

ಅಕ್ಕ, ಇವನ ಹತ್ತಿರ ನೀವೂ ಹಾಗೇ ಮಾತಾಡಿ. ಯಾರೂ ಕೇಳಿಸಿಕೊಳ್ಳುತ್ತಿಲ್ಲ, ಸುಮ್ನೆ ಇರು ಅಂದರೆ ನೀವೂ ಅವರ ಕಡೆಯವರು ಅಂದುಕೊಳ್ಳುತ್ತಾನೆ. ಹೌದು ಕೇಳುತ್ತಿದ್ದಾರೆ ಅಂತಲೂ ಹೇಳಬೇಡಿ. ನಿದ್ದೆ ಇಲ್ಲದೆ ಸುಸ್ತಾಗಿದ್ದೀಯ, ನಿದ್ದೆಗೆ ಡಾಕ್ಟರ್ ಹತ್ತಿರ ಹೋಗೋಣ ಅನ್ನಿ. ಅದು ಸುಳ್ಳೂ ಅಲ್ಲ. ಅವನ ತಲೆಯಲ್ಲಿ ಆಗುತ್ತಿರುವುದೇನು ಅಂದರೆ, ಡೋಪಮೈನ್ ಅನ್ನುವ ರಾಸಾಯನಿಕ ಏರುಪೇರಾದಾಗ ಪ್ರತಿಯೊಂದೂ ತನಗೇ ಸಂಬಂಧಪಟ್ಟದ್ದು ಅನಿಸತೊಡಗುತ್ತದೆ. ಪಕ್ಕದ ಮನೆಯ ಸ್ಕೂಟರ್ ಶಬ್ದ, ನಾಯಿ ಬೊಗಳಿದ್ದು, ನೀವು ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು, ಎಲ್ಲಾ. ಅದಕ್ಕೆ ಅವನ ಬಗ್ಗೆ ಮನೆಯಲ್ಲಿ ಗುಸುಗುಸು ಮಾತಾಡಬೇಡಿ.

ಗಾಂಜಾ ಒಮ್ಮೆಲೇ ನಿಲ್ಲಿಸಿರುವುದರಿಂದ ಸಿಟ್ಟು, ನಿದ್ದೆಗೇಡು, ಊಟ ಸೇರದಿರುವುದು ಮೊದಲ ಒಂದೆರಡು ವಾರ ಇರುತ್ತದೆ. ಗಾಂಜಾ ಬಿಡಿಸಲು ಅಂತಲೇ ಮಾತ್ರೆ ಇಲ್ಲ. ಮಾತುಕತೆ, ಕೌನ್ಸೆಲಿಂಗ್, ಮನೆಯವರ ಬೆಂಬಲವೇ ಔಷಧ. ಅವನು ಜೊತೆಗೆ ಮದ್ಯ ಕುಡಿಯುತ್ತಿದ್ದನಾ ಅಂತ ರೂಮ್‌ಮೇಟ್‌ನನ್ನು ಇನ್ನೊಮ್ಮೆ ಕೇಳಿ. ದಿನಾ ಜಾಸ್ತಿ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಸಿಗರೇಟಿನ ವಿಷಯವೂ ಹೇಳಿ, ಹೊಗೆ ಕೆಲವು ಮಾತ್ರೆಗಳ ಅಂಶವನ್ನು ರಕ್ತದಲ್ಲಿ ಕಡಿಮೆ ಮಾಡುತ್ತದೆ, ಅದನ್ನು ನೋಡಿ ಡಾಕ್ಟರ್ ಡೋಸ್ ಇಡುತ್ತಾರೆ. ಟಿವಿಯಲ್ಲಿ, ಗೋಡೆ ಮೇಲೆ ಜಾಹೀರಾತು ಬರುವ ಚಟ ಬಿಡಿಸುವ ಪುಡಿ ಮಾತ್ರ ಸಾರಿಗೆ ಬೆರೆಸಬೇಡಿ. ಊಟದ ಮೇಲೆ ಮೊದಲೇ ಸಂಶಯ ಇರುವವನಿಗೆ ಅದು ಗೊತ್ತಾದರೆ ಮುಂದೆ ನಿಮ್ಮ ಕೈಯಿಂದ ಒಂದು ಮಾತ್ರೆಯನ್ನೂ ನುಂಗುವುದಿಲ್ಲ.

ಪೊಲೀಸ್ ಕೇಸ್ ಆಗುತ್ತದೆ ಅಂತ ಭಾವ ಹೆದರಿದ್ದಾರೆ ಅಂತ ಬರೆದಿದ್ದೀರಿ. ಡಾಕ್ಟರ್ ಪೊಲೀಸರಿಗೆ ಫೋನ್ ಮಾಡುವುದಿಲ್ಲ ಅಕ್ಕ, ರೋಗಿಯ ವಿಷಯ ಗುಟ್ಟಾಗಿ ಇಡಬೇಕು ಅಂತ ಕಾನೂನೇ ಇದೆ. ಮಾದಕ ವಸ್ತುಗಳ 1985ರ ಕಾಯ್ದೆಯಲ್ಲೂ 64ಎ ಅಂತ ಒಂದು ಸೆಕ್ಷನ್ ಇದೆ. ಸೇದಿದ್ದಕ್ಕೆ ಅಥವಾ ಸ್ವಲ್ಪ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ಕೇಸ್ ಆದ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಶಿಕ್ಷೆಯಿಂದ ರಕ್ಷಣೆ ಕೊಡುವ ಸೆಕ್ಷನ್ ಅದು.

ಅತ್ತಿಗೆ, ಮದುವೆ ಮಾತು ಈಗ ಬೇಡವೇ ಬೇಡ. ಆ ಹೆಣ್ಣು ಮಗುವಿಗೂ ಒಂದು ಮನೆ ಇದೆ.

ಎಲ್ಲಿಗೆ ಹೋಗುವುದು ಅಂದರೆ, ನಿಮ್ಹಾನ್ಸ್‌ನಲ್ಲಿ ಮನೋರೋಗಕ್ಕೂ ವ್ಯಸನಕ್ಕೂ ಒಂದೇ ಕಡೆ ಚಿಕಿತ್ಸೆ ಇದೆ, ನಮಗೆ ಬೇಕಾದ್ದೂ ಅದೇ. ಧಾರವಾಡದ ಡಿಮ್ಹಾನ್ಸ್ ಕೂಡ ಇದೆ. ಅಷ್ಟು ದೂರ ಅವನು ಬರಲ್ಲ ಅಂದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಶುರು ಮಾಡಿ. ಇವತ್ತು ರಾತ್ರಿ ಏನಾದರೂ ಜಾಸ್ತಿ ಆದರೆ 14416ಕ್ಕೆ ಫೋನ್ ಮಾಡಿ. ಟೆಲಿಮಾನಸ್ ಅಂತ, ಸರ್ಕಾರದ್ದು, ದುಡ್ಡು ಇಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುತ್ತೇನೆ ಅಂದರೆ, ಅಥವಾ ಯಾರದೋ ದನಿ ಹೀಗೆ ಮಾಡು ಅಂತ ಅಪ್ಪಣೆ ಕೊಡುತ್ತಿದೆ ಅಂದರೆ ಬೆಳಗಾಗುವವರೆಗೂ ಕಾಯಬೇಡಿ. 108ಕ್ಕೆ ಮಾಡಿ, ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಅಡುಗೆಮನೆಯ ಚಾಕು, ತೋಟಕ್ಕೆ ಹೊಡೆಯುವ ಔಷಧ, ಅಜ್ಜಿಯ ಮಾತ್ರೆ ಎಲ್ಲವನ್ನೂ ಈಗಲೇ ಬೀರುವಿಗೆ ಹಾಕಿ ಬೀಗ ಹಾಕಿ.

ಗುರುವಾರ ನಾನು ರಜೆ ಹಾಕಿದ್ದೇನೆ. ಬುಧವಾರ ರಾತ್ರಿಯೇ ನಿಮ್ಮ ಮನೆಗೆ ಬರುತ್ತೇನೆ, ಬೆಳಿಗ್ಗೆ ಬೇಗ ಒಟ್ಟಿಗೆ ಹೊರಡೋಣ. ಅವನ ಆಧಾರ್ ಕಾರ್ಡ್ ತೆಗೆದಿಡಿ. ಯಾವಾಗಿನಿಂದ ನಿದ್ದೆ ಕೆಟ್ಟಿತು, ಮೊದಲು ಏನು ವಿಚಿತ್ರ ಕಂಡಿತು, ಗಾಂಜಾ ಯಾವಾಗ ಶುರುವಾಯಿತು ಅಂತ ಒಂದು ಹಾಳೆಯಲ್ಲಿ ತಾರೀಖು ಸಮೇತ ಬರೆದಿಡಿ, ಅಲ್ಲಿ ಕೂತಾಗ ಗಾಬರಿಗೆ ಏನೂ ನೆನಪಾಗುವುದಿಲ್ಲ. ರವಿ ಅಣ್ಣ, ಕಾರು ನೀವು ತರುತ್ತೀರಾ? ಬಸ್ಸಿನಲ್ಲಿ ಜನ ಜಾಸ್ತಿ ಇದ್ದರೆ ಅವನು ಹೆದರುತ್ತಾನೆ.