ತುಂಗಭದ್ರೆಯ ನೀರು ಹಸಿರಾಗುವುದಕ್ಕೆ ಹೊಣೆ ಯಾವುದು: ಬಿಸಿಲೋ, ಗೊಬ್ಬರವೋ?

ರಸಾಯನ ಶಿಕ್ಷಕಿ, ಹೊಸಪೇಟೆ

ತುಂಗಭದ್ರಾ ಜಲಾಶಯದ ಹಿನ್ನೀರು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಹಸಿರು ಬಣ್ಣಕ್ಕೆ ತಿರುಗುತ್ತಿರುವುದನ್ನು ಈ ಭಾಗದವರೆಲ್ಲ ಕಂಡಿದ್ದೇವೆ. ಆ ನೀರನ್ನು ಒಂದು ಬಾಟಲಿಗೆ ತುಂಬಿ ಅಲುಗಾಡಿಸದೆ ಇಟ್ಟರೆ ಕೆಲವು ಗಂಟೆಗಳಲ್ಲಿ ಹಸಿರೆಲ್ಲ ಮೇಲಕ್ಕೆ ಬಂದು ಹಾಲಿನ ಕೆನೆಯಂತೆ ಕಟ್ಟಿಕೊಳ್ಳುತ್ತದೆ, ಕೆಳಗಿನ ನೀರು ತಿಳಿಯಾಗುತ್ತದೆ. ತಳಕ್ಕಿಳಿಯದೆ ಹೀಗೆ ತೇಲುವುದು ನೀಲಿ-ಹಸಿರು ಪಾಚಿಯ ಗುರುತು. ಬೆಚ್ಚಗಿನ, ನಿಂತ ನೀರು ಸಿಕ್ಕರೆ ಅದು ಉಳಿದ ಪಾಚಿಗಳನ್ನು ಹಿಂದಿಕ್ಕಿ ಬೆಳೆಯುತ್ತದೆ. ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕವೂ ಕಡಿಮೆಯಾಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಇರುವುದು 30 ಡಿಗ್ರಿಯಲ್ಲಿ 7.6ಕ್ಕೆ ಇಳಿಯುತ್ತದೆ. ಕರ್ನಾಟಕ, ಆಂಧ್ರ, ತೆಲಂಗಾಣ ಹಂಚಿಕೊಂಡಿರುವ ಈ ನದಿಯ ಬಗ್ಗೆ ನಾವು ಜಗಳವಾಡುವುದು ಟಿಎಂಸಿ (ನೂರು ಕೋಟಿ ಘನ ಅಡಿ) ಲೆಕ್ಕದಲ್ಲಿ ಮಾತ್ರ. ಕೃಷ್ಣಾ ಕೊಳ್ಳದ ನೀರನ್ನು ರಾಜ್ಯಗಳಿಗೆ ಹಂಚಿದ, 1976ರಲ್ಲಿ ಅಂತಿಮಗೊಂಡ ಬಚಾವತ್ ನ್ಯಾಯಮಂಡಳಿಯ ತೀರ್ಪಿನ ತಿರುಳೂ ನೀರಿನ ಪ್ರಮಾಣವೇ. ಹವಾಮಾನ ಬದಲಾಗುತ್ತಿರುವ ಕಾಲದಲ್ಲಿ ಹಂಚಿಕೆಯಾಗುವ ನೀರು ಎಂಥದ್ದು ಎಂಬುದನ್ನೂ ಹಂಚಿಕೆಯ ಷರತ್ತಾಗಿ ಮಾಡಲೇಬೇಕು ಎಂಬುದು ನನ್ನ ವಾದ.

ನಿವೃತ್ತ ಇಂಜಿನಿಯರ್

ಮೇಡಂ, "ನೀರು ಬಿಸಿಯಾದಷ್ಟೂ" ಎಂದು ಬರೆದು ನೀವು 20 ಡಿಗ್ರಿಗೂ 30 ಡಿಗ್ರಿಗೂ ಹೋಲಿಸಿದ್ದೀರಿ. ಹತ್ತು ಡಿಗ್ರಿ ಏರಿಕೆ ಎಲ್ಲಿ ಆಗಿದೆ? ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 1901ರಿಂದ 2018ರವರೆಗೆ ಭಾರತದ ಸರಾಸರಿ ತಾಪಮಾನ ಏರಿರುವುದು ಸುಮಾರು 0.7 ಡಿಗ್ರಿ. ನಿಮ್ಮದೇ ಲೆಕ್ಕ ಹಿಡಿದರೆ ಅಷ್ಟು ಏರಿಕೆಯಿಂದ ಲೀಟರಿಗೆ 0.1 ಮಿಲಿಗ್ರಾಂ ಆಸುಪಾಸಿನ ಆಮ್ಲಜನಕ ಕಡಿಮೆಯಾಗಬಹುದು. ಅಷ್ಟಕ್ಕೆ ನದಿ ಹಸಿರಾಗುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ 351 ಕಲುಷಿತ ನದಿ ಭಾಗಗಳಲ್ಲಿ 17 ಕರ್ನಾಟಕದವು, ಅವುಗಳಲ್ಲಿ ತುಂಗಾ, ಭದ್ರಾ, ತುಂಗಭದ್ರಾ ಮೂರೂ ಇವೆ. ಕಾರಣ ಚರಂಡಿಯಲ್ಲಿರುವಾಗ ಆಕಾಶವನ್ನು ದೂರುವುದು ನಗರಸಭೆಗಳ ಹೊಣೆಯನ್ನು ಮನ್ನಾ ಮಾಡಿದಂತೆ.

ಕೂಡ್ಲಿ ತೀರ

0.7 ಡಿಗ್ರಿಯನ್ನು ಎತ್ತಿಕೊಂಡ ಹಿರಿಯರು ಅದೇ ವರದಿಯ ಮಳೆಯ ಭಾಗವನ್ನು ಏಕೆ ಬಿಟ್ಟರೆಂದು ತಿಳಿಯುವುದಿಲ್ಲ. 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಸುಮಾರು ಶೇ 6ರಷ್ಟು ಕುಗ್ಗಿದೆ, ಆ ಕುಸಿತ ಎದ್ದು ಕಾಣುವ ಪ್ರದೇಶಗಳಲ್ಲಿ ಪಶ್ಚಿಮ ಘಟ್ಟವೂ ಒಂದು ಎಂದು ಅಲ್ಲೇ ಬರೆದಿದೆ. ತುಂಗೆ, ಭದ್ರೆ ಎರಡೂ ಹುಟ್ಟುವುದು ಆ ಘಟ್ಟದ ಗಂಗಾಮೂಲದಲ್ಲಿ. ಶಿವಮೊಗ್ಗ, ಭದ್ರಾವತಿ, ಹರಿಹರದ ಕೊಳಚೆ ನೀರು ಮಳೆಗಾಲದಲ್ಲೂ ಬೇಸಿಗೆಯಲ್ಲೂ ಒಂದೇ ಸಮನೆ ಬರುತ್ತದೆ, ಕಡಿಮೆಯಾಗುವುದು ಅದನ್ನು ತೆಳುಗೊಳಿಸುವ ಹರಿವು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವಾದ 2023ರಲ್ಲಿ ಹೊಳೆಯಲ್ಲಿ ಹರಿಯುತ್ತಿದ್ದುದು ಎಷ್ಟು ನೀರು, ಎಷ್ಟು ಕೊಳಚೆ ಎಂಬುದನ್ನು ದಡದಲ್ಲಿರುವ ನಾವು ಮೂಗಿನಿಂದಲೇ ತಿಳಿದಿದ್ದೇವೆ.

ಬೆಂಗಳೂರು ವಾಸಿ

ಕೊಳಚೆಯ ಮಾತು ಸರಿಯಿರಬಹುದು, ಆದರೆ ಪಾಚಿಗೆ ಬೇಕಾದದ್ದು ರಂಜಕ ಮತ್ತು ಸಾರಜನಕ. ಗಂಗಾವತಿ, ಸಿರುಗುಪ್ಪ ಕಡೆ ಭತ್ತಕ್ಕೆ ಲೆಕ್ಕವಿಲ್ಲದಂತೆ ಸುರಿಯುವ ಯೂರಿಯಾ, ಡಿಎಪಿಗಳೇ ಜಲಾಶಯವನ್ನು ಹಸಿರಾಗಿಸಿವೆ. ಅದನ್ನು ಬಿಟ್ಟು ಬೇರೆಲ್ಲ ಚರ್ಚೆಯೂ ವ್ಯರ್ಥ.

ಗಂಗಾವತಿ ರೈತ

ಬೆಂಗಳೂರಿನವರು ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಬೇಕು. ಗಂಗಾವತಿಯೂ ಸಿರುಗುಪ್ಪವೂ ಇರುವುದು ಅಣೆಕಟ್ಟಿನ ಕೆಳಗೆ. ನಮ್ಮ ಗದ್ದೆಯ ಬಸಿನೀರು ಇಳಿಜಾರನ್ನು ಹಿಡಿದು ಕೆಳಗಿನ ಹೊಳೆಗೆ ಸೇರುತ್ತದೆಯೇ ಹೊರತು ಗುಡ್ಡ ಹತ್ತಿ ಜಲಾಶಯಕ್ಕೆ ಹೋಗುವುದಿಲ್ಲ. ಇಷ್ಟೂ ತಿಳಿಯದವರು ರೈತನನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುತ್ತಾರೆ, ಅದೇ ಭತ್ತದ ಸೋನಾ ಮಸೂರಿ ಅಕ್ಕಿಯನ್ನು ಊಟ ಮಾಡುತ್ತಾರೆ. ಜಲಾಶಯದ ಹಸಿರಿಗೆ ಕಾರಣ ಮೇಲಿನವರನ್ನು ಕೇಳಿ.

ರಾಯಚೂರು ಕೊನೆಭಾಗ

"ನಮ್ಮ ಗದ್ದೆ" ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಎಡದಂಡೆ ಕಾಲುವೆಯ ಅಚ್ಚುಕಟ್ಟಿನ ಬಹುಭಾಗಕ್ಕೆ ನಿಗದಿಯಾದದ್ದು ಜೋಳ, ಶೇಂಗಾ, ಹತ್ತಿಯಂಥ ಅರೆ ನೀರಾವರಿ ಬೆಳೆ ಎಂಬುದು ನಿಮಗೂ ತಿಳಿದಿದೆ, ಕಾಲುವೆಯ ಮೇಲೆ ಕಾವಲಿರುವ ಪ್ರತಿಯೊಬ್ಬರಿಗೂ ತಿಳಿದಿದೆ. ಮೇಲ್ಭಾಗದಲ್ಲಿ ಭತ್ತ ನಾಟಿ ಮಾಡಿದ್ದರಿಂದ ಮಾನ್ವಿ, ರಾಯಚೂರು ತಾಲ್ಲೂಕುಗಳ ಕೊನೆಭಾಗಕ್ಕೆ ನೀರು ತಲುಪುವುದಿಲ್ಲ. ತಲುಪುವ ಅಷ್ಟಿಷ್ಟು ನೀರು ಹಳ್ಳ ಹಿಡಿದು ಬಂದ ನಿಮ್ಮ ಬಸಿನೀರು. ಅದನ್ನು ಕೆರೆಗೆ ತುಂಬಿಸಿಕೊಂಡು ಬೇಸಿಗೆಯಲ್ಲಿ ಕುಡಿಯುವವರು ನಾವು. ಹವಾಮಾನವೂ ಬೇಡ, ಪಾಚಿಯೂ ಬೇಡ, ಮೊದಲು ನಿಗದಿತ ಬೆಳೆ ಬೆಳೆಯಿರಿ.

ಗಂಗಾವತಿ ರೈತ

ನಿಗದಿತ ಬೆಳೆಯ ಮಾತನ್ನು ನಮಗೆ ಹೇಳುವ ಮೊದಲು ಕೇಳಿ: ಕಾಲುವೆಯ ಪಕ್ಕದ ಭೂಮಿ ದಶಕಗಳ ನೀರಿನಿಂದ ಜವುಳು ಹಿಡಿದಿದೆ, ಅಲ್ಲಿ ಜೋಳ ಬಿತ್ತಿದರೆ ಬೇರು ಕೊಳೆಯುತ್ತದೆ. ಭತ್ತವನ್ನಲ್ಲದೆ ಇನ್ನೇನನ್ನು ಬೆಳೆಯಬೇಕು? ನಿಮ್ಮ ಪಾಲಿನ ನೀರು ಬಾರದಿರುವುದಕ್ಕೆ ಹೂಳೂ ಕಾರಣ. 133 ಟಿಎಂಸಿಗೆ ಕಟ್ಟಿದ ಜಲಾಶಯದಲ್ಲಿ ಈಗ ನಿಲ್ಲುವುದು 105.78 ಟಿಎಂಸಿ. ಕೊನೆಭಾಗಕ್ಕೆ ಬರಬೇಕಾದ ನೀರಿನ ಜಾಗದಲ್ಲಿ ಮಣ್ಣು ಕೂತಿದೆ, ಆ ಮಣ್ಣನ್ನು ನಾವು ತಂದು ಹಾಕಿಲ್ಲ.

ರಸಾಯನ ಶಿಕ್ಷಕಿ, ಹೊಸಪೇಟೆ

ಹೂಳಿನ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಹವಾಮಾನವೂ ಗೊಬ್ಬರವೂ ಸೇರುವ ಜಾಗ ಅದೇ. ಮಣ್ಣಿನ ಕಣಗಳಿಗೆ ಅಂಟಿಕೊಂಡು ಬಂದ ರಂಜಕ ತಳದ ಹೂಳಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಬಿಸಿಲು ಹೆಚ್ಚಿ ಮೇಲಿನ ಬಿಸಿನೀರೂ ಕೆಳಗಿನ ತಣ್ಣೀರೂ ಬೆರೆಯದೆ ಪದರಗಳಾಗಿ ನಿಂತರೆ ತಳದ ಆಮ್ಲಜನಕ ಮುಗಿಯುತ್ತದೆ, ಆಗ ಹೂಳಿನೊಳಗೆ ಹಿಡಿದಿಟ್ಟಿದ್ದ ರಂಜಕ ಕರಗಿ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಆ ವರ್ಷ ಯಾರೂ ಒಂದು ಚೀಲ ಗೊಬ್ಬರ ಹಾಕದಿದ್ದರೂ ಪಾಚಿಗೆ ಆಹಾರ ಸಿಗುತ್ತದೆ. ಸುರಿದರೆ ಒಮ್ಮೆಲೇ ಸುರಿಯುವ ಈಗಿನ ಮಳೆ ಮೇಲ್ಮಣ್ಣನ್ನು ಇನ್ನಷ್ಟು ಕೊಚ್ಚಿ ತರುತ್ತದೆ, ನಂತರದ ಒಣ ತಿಂಗಳುಗಳು ಅದನ್ನು ಬೇಯಿಸುತ್ತವೆ. ಆದ್ದರಿಂದ 0.7 ಡಿಗ್ರಿಯನ್ನು ಆಮ್ಲಜನಕದ ಕೋಷ್ಟಕದಲ್ಲಿ ಇಟ್ಟು ಲೆಕ್ಕ ಮುಗಿಸುವುದು ಸರಿಯಲ್ಲ. ಇನ್ನು ಆರೋಗ್ಯದ ಮಾತು: ಈ ಪಾಚಿಯ ಕೆಲವು ಜಾತಿಗಳು ಯಕೃತ್ತಿಗೆ ಕೆಡುಕು ಮಾಡುವ ಮೈಕ್ರೊಸಿಸ್ಟಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮೈಕ್ರೊಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ನೀರನ್ನು ಕುದಿಸಿದರೆ ಅದು ನಾಶವಾಗುವುದಿಲ್ಲ.

ನಿವೃತ್ತ ಇಂಜಿನಿಯರ್

"ಕೆಲವು ಜಾತಿಗಳು" ಎಂದಿರಿ. ನಮ್ಮ ಜಲಾಶಯದಲ್ಲಿರುವುದು ಆ ಜಾತಿಯೇ ಎಂಬುದಕ್ಕೆ ಬಾಟಲಿಯ ಪ್ರಯೋಗವಷ್ಟೇ ಸಾಕ್ಷಿಯೇ? ಪ್ರಯೋಗಾಲಯದ ಫಲಿತಾಂಶವನ್ನು ಮುಂದಿಡದೆ ವಿಷದ ಹೆಸರನ್ನು ಹೇಳುವುದು ಮೂರು ರಾಜ್ಯಗಳ ಜನರಲ್ಲಿ ಭೀತಿ ಹುಟ್ಟಿಸುವ ಕೆಲಸ. ಸ್ನಾನಯೋಗ್ಯ ನೀರಿಗೆ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕು, ಬಿಒಡಿ, ಅಂದರೆ ನೀರಿನ ಕೊಳಕನ್ನು ಕೊಳೆಯಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, 3 ಮಿಲಿಗ್ರಾಂ ಮೀರಬಾರದು. ಹಸಿರಾಗಿ ಕಂಡ ನೀರಿನಲ್ಲೂ ಆಮ್ಲಜನಕ 5ಕ್ಕಿಂತ ಮೇಲೇ ಇದ್ದ ವರದಿಗಳನ್ನು ನನ್ನ ಸೇವಾವಧಿಯಲ್ಲಿ ನೋಡಿದ್ದೇನೆ.

ರಸಾಯನ ಶಿಕ್ಷಕಿ, ಹೊಸಪೇಟೆ

ಆ ಮಾದರಿಗಳನ್ನು ತೆಗೆದದ್ದು ಎಷ್ಟು ಗಂಟೆಗೆ ಎಂಬುದನ್ನು ದಯವಿಟ್ಟು ತಿಳಿಸಿ. ಪಾಚಿ ಹಗಲಿನಲ್ಲಿ ಆಮ್ಲಜನಕವನ್ನು ಉತ್ಪಾದಿಸುತ್ತದೆ, ರಾತ್ರಿ ಅದನ್ನೇ ಉಸಿರಾಡಿ ಮುಗಿಸುತ್ತದೆ. ಜೀಪಿನಲ್ಲಿ ಬಂದು ಬೆಳಗ್ಗೆ ಹನ್ನೊಂದಕ್ಕೆ ತುಂಬಿದ ಮಾದರಿಯಲ್ಲಿ ಸಂಖ್ಯೆ ಚೆನ್ನಾಗಿಯೇ ಬರುತ್ತದೆ. ಮೀನು ಉಸಿರುಗಟ್ಟುವುದು ಸೂರ್ಯ ಹುಟ್ಟುವ ಮುನ್ನ.

ಬೆಂಗಳೂರು ವಾಸಿ

ನಾನು ಹೇಳಿದ ಗೊಬ್ಬರದ ಮಾತನ್ನು ಎಲ್ಲರೂ ಜಾಣತನದಿಂದ ದಾಟಿದ್ದೀರಿ. ಅಣೆಕಟ್ಟಿನ ಕೆಳಗಿನ ಹೊಳೆಯೂ ತುಂಗಭದ್ರೆಯೇ ಅಲ್ಲವೇ? ಬೇಸಿಗೆಯಲ್ಲಿ ಕೆಳಗಿನ ರಾಜೋಳಿಬಂಡ, ಸುಂಕೇಸುಲ ಒಡ್ಡುಗಳ ಕಡೆಗೆ ಇಳಿಯುವ ಹರಿವಿನಲ್ಲಿ ಗದ್ದೆಗಳ ಬಸಿನೀರಿನ ಪಾಲು ದೊಡ್ಡದು. ಕರ್ನೂಲಿನವರು ಅದನ್ನು ಬಳಸಬೇಕು. ಗಡಿ ದಾಟುವ ನೀರು ಕೆಟ್ಟಿದ್ದರೆ ಅದಕ್ಕೆ ಉತ್ತರ ಕೊಡಬೇಕಾದವರು ಗಡಿಯ ಈಚೆಗಿನ ಭತ್ತದವರು. ಮೊದಲು ಹೇಳಿದ್ದೂ ಅದನ್ನೇ.

ಗಂಗಾವತಿ ರೈತ

ನೀವು ಮೊದಲು ಹೇಳಿದ್ದು ಜಲಾಶಯದ ಮಾತು, ಮೇಲೆ ಅಕ್ಷರಗಳು ಹಾಗೇ ಇವೆ. ಈಗ ಜಲಾಶಯ ಬಿಟ್ಟು ಕರ್ನೂಲಿಗೆ ಇಳಿದಿದ್ದೀರಿ. ಕರ್ನೂಲಿನ ಮೇಲೆ ಅಷ್ಟು ಕಾಳಜಿ ಇದ್ದರೆ 2009ರ ಅಕ್ಟೋಬರಿನಲ್ಲಿ ಆ ಊರು ಮುಳುಗಿದ್ದನ್ನೂ ಮಂತ್ರಾಲಯಕ್ಕೆ ಹೊಳೆ ನುಗ್ಗಿದ್ದನ್ನೂ ನೆನಪಿಸಿಕೊಳ್ಳಿ. ಅಂಥ ಮಳೆ ಚರಂಡಿ, ತಿಪ್ಪೆ, ಸತ್ತ ದನ, ಗೋದಾಮಿನ ಗೊಬ್ಬರ ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ನದಿಗೆ ತಳ್ಳುತ್ತದೆ. ಆ ಮಳೆಯನ್ನೂ ಭತ್ತದವರೇ ಸುರಿಸಿದರೇ?

ಕೂಡ್ಲಿ ತೀರ

ರೈತರು ಹೇಳಿದ ಒಂದು ಮಾತನ್ನು ಹಿಡಿದುಕೊಳ್ಳುತ್ತೇನೆ: "ಮೇಲಿನವರನ್ನು ಕೇಳಿ." ಜಲಾಶಯದ ಮೇಲೂ ಭತ್ತವಿದೆ. ಭದ್ರಾ ಅಚ್ಚುಕಟ್ಟು ಒಂದು ಲಕ್ಷ ಹೆಕ್ಟೇರಿನಷ್ಟಿದೆ, ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳ ಆ ಗದ್ದೆ, ತೋಟಗಳ ಬಸಿಗಾಲುವೆಗಳು ಹಳ್ಳಗಳ ಮೂಲಕ ಸೇರುವುದು ಇದೇ ನದಿಗೆ. ಹಾಗಾಗಿ ಜಲಾಶಯದ ಮಟ್ಟಿಗೆ ಗೊಬ್ಬರದ ಪ್ರಶ್ನೆಯನ್ನು ಗಂಗಾವತಿಗಲ್ಲ, ಭದ್ರಾ ಅಚ್ಚುಕಟ್ಟಿಗೆ ಕೇಳಬೇಕು.

ಭದ್ರಾ ಅಚ್ಚುಕಟ್ಟು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಕೂಡ್ಲಿಯವರೇ, ನಿಮ್ಮ ಊರಿನ ಸಂಗಮಕ್ಕೆ ತುಂಗೆ ಬರುವುದು ಶಿವಮೊಗ್ಗವನ್ನು ದಾಟಿ, ಭದ್ರೆ ಬರುವುದು ಭದ್ರಾವತಿಯನ್ನು ದಾಟಿ. ಎರಡು ಪಟ್ಟಣಗಳ ಮಲಮೂತ್ರ, ಸಾಬೂನು ನೀರಿನಲ್ಲಿ ರಂಜಕವಿಲ್ಲವೇ? ವರ್ಷದ 365 ದಿನವೂ ಬರುವ ಅದನ್ನು ನೀವೇ ಮೇಲೆ ಒಪ್ಪಿಕೊಂಡು ಈಗ ಎರಡು ಹಂಗಾಮಿಗೆ ಗೊಬ್ಬರ ಹಾಕುವ ರೈತನತ್ತ ಬೆರಳು ತೋರಿಸುತ್ತೀರಿ. ಮಳೆ ಕೈಕೊಟ್ಟ ವರ್ಷ ಭದ್ರಾ ಜಲಾಶಯದಿಂದ ಬೇಸಿಗೆ ಬೆಳೆಗೆ ನೀರು ಬಿಡುವುದೇ ಅನುಮಾನ. ನಾಟಿಯೇ ಮಾಡದ ಗದ್ದೆಯಿಂದ ಯಾವ ಯೂರಿಯಾ ಹರಿಯುತ್ತದೆ? ಆಗಲೂ ನೀರು ಹಸಿರಾಗುತ್ತದೆಯೆಂದರೆ ಕಾರಣ ಬೇರೆಡೆ ಇದೆ.

ನಿವೃತ್ತ ಇಂಜಿನಿಯರ್

"ಕಾರಣ ಬೇರೆಡೆ ಇದೆ" ಎಂಬುದನ್ನು ನಾನು ಮೊದಲಿನಿಂದಲೂ ಹೇಳುತ್ತಿದ್ದೇನೆ: ಸಂಸ್ಕರಣೆಯಾಗದ ಕೊಳಚೆ ನೀರು. ಭದ್ರಾ ರೈತರು ನನ್ನ ವಾದವನ್ನು ಗಟ್ಟಿಗೊಳಿಸಿದ್ದಾರೆ.

ರಸಾಯನ ಶಿಕ್ಷಕಿ, ಹೊಸಪೇಟೆ

ಗೊಬ್ಬರವಿಲ್ಲದ ಬರದ ವರ್ಷದಲ್ಲೂ ಹಸಿರಾಗುವುದು ಹೂಳಿನ ರಂಜಕ, ಕುಗ್ಗಿದ ಹರಿವು ಮತ್ತು ಬಿಸಿಲಿನ ಕುರಿತ ನನ್ನ ವಾದವನ್ನೇ ಬಲಪಡಿಸುತ್ತದೆ, ಇಂಜಿನಿಯರ್ ಸಾಹೇಬರೇ. ಕೊಳಚೆ ನೀರನ್ನು ನಾನು ಅಲ್ಲಗಳೆದಿಲ್ಲ. ಮೊನ್ನೆಯವರೆಗೆ ನದಿ ಹೇಗೋ ತಾಳಿಕೊಂಡಿದ್ದ ಕೊಳಚೆಯನ್ನು ಬದಲಾದ ಮಳೆ-ಬಿಸಿಲಿನಲ್ಲಿ ತಾಳಿಕೊಳ್ಳಲಾರದು ಎನ್ನುತ್ತಿದ್ದೇನೆ. ಆದ್ದರಿಂದ ಸಂಸ್ಕರಣೆಯ ಗುರಿಯನ್ನು ತುಂಬಿ ಹರಿಯುವ ಆಗಸ್ಟ್‌ಗೆ ಹೊಂದಿಸಬಾರದು, ಏಪ್ರಿಲ್‌ನ ಹರಿವಿಗೆ ಹೊಂದಿಸಬೇಕು. ಕೂಡ್ಲಿ, ಹರಿಹರದ ಕೆಳಗೆ, ಹಿನ್ನೀರು, ರಾಜೋಳಿಬಂಡ, ಸುಂಕೇಸುಲ, ಈ ಐದು ಕಡೆ ಮೂರೂ ರಾಜ್ಯದವರು ಒಟ್ಟಿಗೆ ನಿಂತು ಬೆಳಕು ಹರಿಯುವ ಮುನ್ನ ಮಾದರಿ ತೆಗೆದು ರಂಜಕವನ್ನೂ ಪಾಚಿಯ ವಿಷವನ್ನೂ ಅಳೆಯಲಿ, ಫಲಿತಾಂಶವನ್ನು ಟಿಎಂಸಿ ಲೆಕ್ಕದ ಪಕ್ಕದಲ್ಲೇ ಪ್ರಕಟಿಸಲಿ.

ನಿವೃತ್ತ ಇಂಜಿನಿಯರ್

ಅಳತೆಗೆ ನನ್ನ ವಿರೋಧವಿಲ್ಲ. ಐದು ಜಾಗಗಳಲ್ಲಿ ಒಂದೂ ಚರಂಡಿಯ ಬಾಯಿ ಅಲ್ಲ ಎಂಬುದಕ್ಕೆ ವಿರೋಧವಿದೆ. ನಡುಹೊಳೆಯಲ್ಲಿ ಅಳೆದರೆ ಹೊಣೆ ಹವಾಮಾನದ ತಲೆಗೆ ಹೋಗುತ್ತದೆ, ಚರಂಡಿಯ ಬಾಯಲ್ಲಿ ಅಳೆದರೆ ಊರಿನ ಹೆಸರು ಬರೆಯಬೇಕಾಗುತ್ತದೆ.

ರಾಯಚೂರು ಕೊನೆಭಾಗ

ಚರಂಡಿಯ ಬಾಯಿ ಸೇರಲಿ, ಬಸಿಗಾಲುವೆಯ ಬಾಯಿಯೂ ಸೇರಬೇಕು. ಎಡದಂಡೆಯ ಮೇಲ್ಭಾಗದಿಂದ ಇಳಿಯುವ ಹಳ್ಳಗಳನ್ನು ಬಿಟ್ಟು ಮಾಡಿದ ಅಳತೆಯನ್ನು ನಾವು ಒಪ್ಪುವುದಿಲ್ಲ.

ಗಂಗಾವತಿ ರೈತ

ನನ್ನ ಗದ್ದೆಯ ಬಸಿಗಾಲುವೆಗೆ ಯಾವಾಗ ಬೇಕಾದರೂ ಬನ್ನಿ, ದಾರಿ ತೋರಿಸುತ್ತೇನೆ. ಆದರೆ ಮೊದಲ ಬಾಟಲಿ ಹರಿಹರದ ಕೆಳಗೆ ತುಂಬಬೇಕು, ಎರಡನೆಯದು ನನ್ನಲ್ಲಿ.

ಭದ್ರಾ ಅಚ್ಚುಕಟ್ಟು

ಹರಿಹರದ ಕೆಳಗೆ ತುಂಬುವ ಬಾಟಲಿಯಲ್ಲಿ ನಮ್ಮ ಗದ್ದೆಯೂ ಊರುಗಳ ಚರಂಡಿಯೂ ಬೆರೆತಿರುತ್ತವೆ. ಎರಡನ್ನೂ ಬೇರ್ಪಡಿಸಿ ಅಳೆಯುವ ಕ್ರಮವನ್ನು ಮೊದಲು ಬರೆಯಿರಿ, ಅಲ್ಲಿಯವರೆಗೆ ಆ ಅಳತೆಗೆ ನಮ್ಮ ಒಪ್ಪಿಗೆಯಿಲ್ಲ.