ನಾನು ಎತ್ತದ ಫೋನು ನನಗೆ ಹೇಗೆ ನೆನಪಿದೆ?

ಹಳೇಡೈರಿ ಕೇಳಿದ್ದು:

ಅಜ್ಜ ತೀರಿಕೊಂಡ ಸುದ್ದಿ ಬಂದಾಗ ನನಗೆ 13 ವರ್ಷ. ರಾತ್ರಿ ಫೋನ್ ಬಂತು. ನಾನೇ ಓಡಿಹೋಗಿ ಎತ್ತಿದೆ. ಕಾಲಡಿ ನೆಲ ತಣ್ಣಗಿತ್ತು. ಫೋನಿನ ಸುರುಳಿ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದೆ. ಆ ಕಡೆಯಿಂದ ಚಿಕ್ಕಪ್ಪ "ಅಪ್ಪನಿಗೆ ಕೊಡು ಮಗಾ" ಅಂದರು. ಆ ದನಿ ಕೇಳಿದ ಕೂಡಲೇ ನನಗೆ ಗೊತ್ತಾಗಿಹೋಯಿತು.

ಅಕ್ಕ ಮಾತ್ರ ಯಾವಾಗಲೂ "ಫೋನ್ ಎತ್ತಿದ್ದು ನಾನು, ನೀನು ಮಲಗಿದ್ದೆ" ಅನ್ನುತ್ತಾಳೆ. ಈ ವಿಷಯಕ್ಕೆ ಎಷ್ಟೋ ಸಲ ಮಾತಿಗೆ ಮಾತು ಬೆಳೆದಿದೆ. ಒಮ್ಮೆ ಅವಳಿಗೆ "ಸುಳ್ಳು ಹೇಳಬೇಡ" ಅಂತಲೂ ಅಂದುಬಿಟ್ಟೆ.

ಹೋದ ವಾರ ಕಪಾಟು ಖಾಲಿ ಮಾಡುವಾಗ ನನ್ನ ಹಳೇ ಡೈರಿ ಸಿಕ್ಕಿತು. ಅಜ್ಜ ಹೋದ ಮರುದಿನದ ಪುಟ. ನೀಲಿ ಇಂಕು, ನನ್ನದೇ ಅಕ್ಷರ: "ಬೆಳಿಗ್ಗೆ ಅಕ್ಕ ಎಬ್ಬಿಸಿ ಹೇಳಿದಳು. ರಾತ್ರಿ ಫೋನ್ ಬಂದಿದ್ದು ನನಗೆ ಗೊತ್ತೇ ಆಗಲಿಲ್ಲ. ನನ್ನನ್ನು ಯಾಕೆ ಯಾರೂ ಎಬ್ಬಿಸಲಿಲ್ಲ?"

ಓದಿ ಕೈ ನಡುಗಿತು. ಡೈರಿಯಲ್ಲಿ ಇರೋದೇ ನಿಜ ಅಂತ ಬುದ್ಧಿ ಒಪ್ಪುತ್ತದೆ. ಆದರೆ ಕಣ್ಣು ಮುಚ್ಚಿದರೆ ಆ ತಣ್ಣನೆ ನೆಲ ಈಗಲೂ ಕಾಲಿಗೆ ತಾಗುತ್ತದೆ. ಇಷ್ಟು ಕಣ್ಣಿಗೆ ಕಟ್ಟಿದಂತೆ ಇರೋದು ಸುಳ್ಳಾಗೋಕೆ ಸಾಧ್ಯವಾ? ನನ್ನ ತಲೆಯಲ್ಲೇ ಏನಾದರೂ ದೋಷ ಇದೆಯಾ?

ಪಾಠದಮೇಷ್ಟ್ರು:

ದೋಷ ಏನೂ ಇಲ್ಲ. ಮೊದಲು ಆ ಭಯ ಬಿಡಿ. ನಾನು ಮನಶ್ಶಾಸ್ತ್ರ ಪಾಠ ಮಾಡುವವನು. ಮರುದಿನವೇ ಬರೆದಿಟ್ಟ ಇಂಥ ಪುಟ ಸಿಗೋದು ತುಂಬ ಅಪರೂಪ. ಅಂಥ ಪುಟಗಳನ್ನು ಬೇಕೆಂದೇ ಬರೆಸಿದವರಿದ್ದಾರೆ, ಅವರ ಕತೆ ಕೇಳಿ.

1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಛಿದ್ರವಾಯಿತು. ಏಳು ಜನ ಸತ್ತರು. ಮರುದಿನ ಬೆಳಿಗ್ಗೆಯೇ ಅಮೆರಿಕದ ಎಮರಿ ವಿಶ್ವವಿದ್ಯಾಲಯದ 106 ವಿದ್ಯಾರ್ಥಿಗಳಿಂದ ಉತ್ತರ ಬರೆಸಿಕೊಂಡರು. ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ ಅಂತ. ಇದನ್ನು ಮಾಡಿದವರು ಉಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಶ್. ಎರಡೂವರೆ ವರ್ಷ ಕಳೆದ ಮೇಲೆ ಅವರಲ್ಲಿ 44 ಜನರಿಗೆ ಅದೇ ಪ್ರಶ್ನೆ ಮತ್ತೆ ಕೇಳಿದರು. ಎರಡೂ ಉತ್ತರ ಹೋಲಿಸಿ ಏಳು ಅಂಕಕ್ಕೆ ಲೆಕ್ಕ ಹಾಕಿದರೆ ಸರಾಸರಿ ಮೂರೂ ದಾಟಲಿಲ್ಲ. 11 ಜನರಿಗೆ ಸೊನ್ನೆ. ಆದರೆ ನೆನಪಿನ ಮೇಲೆ ಎಷ್ಟು ಭರವಸೆ ಅಂತ ಕೇಳಿದಾಗ ಐದರಲ್ಲಿ ಸರಾಸರಿ ನಾಲ್ಕಕ್ಕಿಂತ ಜಾಸ್ತಿ!

ಒಬ್ಬ ಹುಡುಗಿ ಮೊದಲು "ತರಗತಿಯಲ್ಲಿದ್ದಾಗ ಯಾರೋ ಬಂದು ಮಾತಾಡಿದರು, ಆಗ ಗೊತ್ತಾಯಿತು" ಅನ್ನೋ ಅರ್ಥದಲ್ಲಿ ಬರೆದಿದ್ದಳು. ಆಮೇಲೆ ಅವಳಿಗೆ ನೆನಪಿದ್ದದ್ದು ಹಾಸ್ಟೆಲ್ ಕೋಣೆ, ಜೊತೆಗಾತಿ, ಟಿವಿ. ಕೊನೆಗೆ ಎಲ್ಲರಿಗೂ ಅವರವರ ಹಳೇ ಹಾಳೆಯನ್ನೇ ತೋರಿಸಿದರು. ಅಕ್ಷರ ತಮ್ಮದೇ ಅಂತ ಕಣ್ಣಿಗೆ ಕಾಣುತ್ತಿತ್ತು. ಆದರೂ ಮೊದಲಿನ ನೆನಪು ಒಬ್ಬರಿಗೂ ವಾಪಸ್ ಬರಲಿಲ್ಲ. ನಿಮಗಾಗಿರೋದು ಇದೇ ಅಲ್ವಾ?

ನೈಸರ್ ಈ ದಾರಿಗೆ ಬಂದಿದ್ದು ತಮ್ಮದೇ ಅನುಭವದಿಂದ. 1941ರ ಡಿಸೆಂಬರ್ 7, ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ದಿನ. ಅವರಿಗೆ 13 ತುಂಬಲು ಇನ್ನೊಂದು ದಿನ ಇತ್ತು. ರೇಡಿಯೋದಲ್ಲಿ ಬೇಸ್‌ಬಾಲ್ ಪಂದ್ಯ ಕೇಳುತ್ತಾ ಕೂತಿದ್ದಾಗ ಸುದ್ದಿ ಬಂತು ಅಂತ ದಶಕಗಳ ಕಾಲ ನಂಬಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ಹೊಳೆಯಿತು: ಡಿಸೆಂಬರಿನಲ್ಲಿ ಅಲ್ಲಿ ಬೇಸ್‌ಬಾಲ್ ಆಡೋದೇ ಇಲ್ಲ. ಅವರು ಕೇಳಿದ್ದು ಫುಟ್‌ಬಾಲ್ ಇರಬೇಕು ಅಂತ ಆಮೇಲೆ ಬೇರೆಯವರು ತೋರಿಸಿದರು. ರೇಡಿಯೋ ನಿಜ, ಆಟವೂ ನಿಜ. ಒಂದು ಚೂರು ಮಾತ್ರ ಬೇರೆ ಕಡೆಯಿಂದ ಬಂದು ಕೂತಿತ್ತು.

ನಿಮ್ಮ ತಣ್ಣನೆ ನೆಲವೂ ಹಾಗೇ ನಿಜದ್ದೇ ಇರಬಹುದು, ಬೇರೆ ಯಾವುದೋ ರಾತ್ರಿಯದ್ದು. ನೆನಪು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲ. ಹೇಳಿದಾಗೆಲ್ಲ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ. ಅಕ್ಕನಿಂದ ಕೇಳಿದ್ದು, ನೀವು ಕಲ್ಪಿಸಿಕೊಂಡದ್ದು, ಎಲ್ಲ ಒಂದೇ ಗೋಡೆಗೆ ಸೇರುತ್ತವೆ. ನನಗೆ ಮಾತ್ರ ನಿಮ್ಮ ಡೈರಿಯ ಕೊನೆಯ ಸಾಲೇ ತಟ್ಟಿತು. ಎಬ್ಬಿಸಲಿಲ್ಲ ಅಂತ ನೊಂದ ಮಗು, ಎದ್ದಿದ್ದೆ ಅಂತ ನೆನಪಿಟ್ಟುಕೊಂಡಿದೆ. ಇದು ನನ್ನ ಊಹೆ ಅಷ್ಟೇ, ಸಂಶೋಧನೆ ಹೇಳಿದ್ದಲ್ಲ.

ಅವಳಿಯಲ್ಲೊಬ್ಬ:

ನಾವು ಅವಳಿಗಳು. ಸೈಕಲ್ ಸಮೇತ ಕಾಲುವೆಗೆ ಬಿದ್ದವನು ನಾನು ಅಂತ ನಾನು, ತಾನು ಅಂತ ಅವನು. ಇಬ್ಬರಿಗೂ ಮೂಗಿಗೆ ನೀರು ನುಗ್ಗಿದ್ದು ನೆನಪಿದೆ. 2001ರಲ್ಲಿ ಶೀನ್, ಕೆಂಪ್, ರೂಬಿನ್ ಅನ್ನುವವರು ಇದನ್ನೇ ಪರೀಕ್ಷಿಸಿದರು. 20 ಅವಳಿ ಜೋಡಿಗಳಲ್ಲಿ 14 ಜೋಡಿಗೆ "ಇದು ನನಗೆ ಆಗಿದ್ದು" ಅಂತ ಇಬ್ಬರೂ ಹೇಳೋ ನೆನಪು ಒಂದಾದರೂ ಇತ್ತು. ಅವಳಿಗಳಲ್ಲದ ಒಡಹುಟ್ಟಿದವರಲ್ಲೂ ಇದು ಕಂಡುಬಂದಿದೆ. ಅಕ್ಕ ತಂಗಿ ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ.

ಒಂದು ಮಾತು. ಇನ್ನೂ ಚರ್ಚೆ ಮಾಡೋ ಮುಂಚೆ ಇಬ್ಬರೂ ಬೇರೆ ಬೇರೆಯಾಗಿ ಬರೆದಿಡಿ. 2003ರಲ್ಲಿ ಗ್ಯಾಬರ್ಟ್ ಮತ್ತು ಜೊತೆಯವರು ಒಂದೇ ಘಟನೆಯ ಎರಡು ಬೇರೆ ವಿಡಿಯೋಗಳನ್ನು ಇಬ್ಬಿಬ್ಬರ ಜೋಡಿಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದರಂತೆ ತೋರಿಸಿ, ಆಮೇಲೆ ಮಾತಾಡಲು ಬಿಟ್ಟರು. ಹಾಗೆ ಮಾತಾಡಿದವರಲ್ಲಿ ಶೇ. 71ರಷ್ಟು ಜನ, ಜೊತೆಯವರು ಮಾತ್ರ ನೋಡಿದ್ದನ್ನು ತಾವೇ ನೋಡಿದ್ದಾಗಿ ಹೇಳಿದರು.

ಹಳೇಡೈರಿ:

ಇಬ್ಬರಿಗೂ ತುಂಬ ಥ್ಯಾಂಕ್ಸ್. ಮೇಷ್ಟ್ರೇ, ಆ ಕೊನೆಯ ಸಾಲಿನ ಬಗ್ಗೆ ನೀವು ಬರೆದದ್ದು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಅಕ್ಕನಿಗೆ ಫೋನ್ ಮಾಡಿದೆ. ಸುಳ್ಳು ಅಂದಿದ್ದಕ್ಕೆ ಕ್ಷಮೆ ಕೇಳಿದೆ. ಡೈರಿ ಓದಿ ಹೇಳಲು ಬಾಯಿಗೆ ಬಂದಿತ್ತು, ತಡೆದುಕೊಂಡೆ. "ಆ ರಾತ್ರಿ ನಿನಗೆ ನೆನಪಿರೋದನ್ನೆಲ್ಲ ಒಂದು ಹಾಳೆಯಲ್ಲಿ ಬರಿ, ಆಮೇಲೆ ಮಾತಾಡೋಣ" ಅಂದೆ. ಒಪ್ಪಿದಳು. ನಂದೂ ಬರೆದಾಯಿತು, ತಣ್ಣನೆ ನೆಲ ಸಮೇತ.

ಇಡೋ ಮುಂಚೆ ಒಂದೇ ಒಂದು ಕೇಳಿದೆ: "ಅದರಲ್ಲಿ ನನ್ನನ್ನು ಯಾಕೆ ಎಬ್ಬಿಸಲಿಲ್ಲ ಅನ್ನೋದನ್ನೂ ಬರಿ." ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಬರೀತೀನಿ ಕಣೇ" ಅಂದಳು.